ಕಾನಿಗೆ ಬಿಡುಗಡೆ, ಅಮೃತಮತಿಗೆ ಮಾತು



ಶೃಂಗಾರ ಸಾಹಿತ್ಯದ ಬಗ್ಗೆ ಮಾತಾಡಬೇಕೆಂದು ನೀವು ಕೇಳಿದಾಗ, ಒಂದೇ ಒಂದು ಕಾದಂಬರಿಯನ್ನು ಹಿಡಿದುಕೊಂಡು ಬರುತ್ತೇನೆ ಎಂದಿದ್ದೆ. ಅದು ಡಿ.ಎಚ್. ಲಾರೆನ್ಸನ ‘ಲೇಡಿ ಚಾಟರ್ಲೀಸ್ ಲವರ್’. ಈ ಕಾದಂಬರಿಯನ್ನು ಓದಿದವರಿಗಿಂತ ಅದರ ಹೆಸರು ಕೇಳಿದವರೇ ಹೆಚ್ಚು. ನಾನು ಇಂಗ್ಲಿಷ್ ಸಾಹಿತ್ಯದ ಪಾಠ ಹೇಳಿಕೊಂಡು ಬಂದವಳು. ಲಾರೆನ್ಸನ ‘ಸನ್ಸ್ ಅಂಡ್ ಲವರ್ಸ್’ ನಮ್ಮ ಪಠ್ಯಪಟ್ಟಿಯಲ್ಲಿ ಇರುತ್ತಿತ್ತು, ಇದು ಇರುತ್ತಿರಲಿಲ್ಲ. ಆದರೂ ತರಗತಿ ಮುಗಿದ ಮೇಲೆ ಯಾರಾದರೊಬ್ಬರು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ‘ಮೇಡಂ, ಅದನ್ನ ಓದಬಹುದಾ?’ ಎಂದು ಕೇಳುವುದಿತ್ತು. ಓದಿ ಎನ್ನುತ್ತಿದ್ದೆ. ಓದಿ ಬಂದವರು ಕೇಳುತ್ತಿದ್ದ ಮುಂದಿನ ಪ್ರಶ್ನೆ, ‘ಅದು ಒಳ್ಳೆಯ ಪುಸ್ತಕವಾ?’ ಎಂಬುದು. ಅದಕ್ಕೆ ಹೌದು ಅಥವಾ ಅಲ್ಲ ಎಂದು ಹೇಳಿ ಕಳಿಸುವುದು ನನ್ನಿಂದ ಆಗುತ್ತಿರಲಿಲ್ಲ. ಇವತ್ತು ಆ ಪ್ರಶ್ನೆಗೆ ಬಿಡಿಸಿ ಉತ್ತರ ಹೇಳುವ ಅವಕಾಶ ಸಿಕ್ಕಿದೆ.

ಮೊದಲು ಈ ಪುಸ್ತಕ ಹುಟ್ಟಿದ ಹೊತ್ತನ್ನು ನೆನಪಿಸಿಕೊಳ್ಳೋಣ. ಲಾರೆನ್ಸ್ ನಾಟಿಂಗ್‌ಹ್ಯಾಮ್‌ಶೈರಿನ ಈಸ್ಟ್‌ವುಡ್ ಎಂಬ ಕಲ್ಲಿದ್ದಲು ಗಣಿಯ ಊರಿನವನು, ಗಣಿ ಕಾರ್ಮಿಕನ ಮಗ. 1926ರಲ್ಲಿ ಇಂಗ್ಲೆಂಡಿನ ಗಣಿಗಳಿಗೆ ಬೀಗ ಬಿದ್ದು, ಕಾರ್ಮಿಕರು ತಿಂಗಳುಗಟ್ಟಲೆ ಕೂಲಿಯಿಲ್ಲದೆ ಕೂತಿದ್ದಾಗ ಅವನು ತನ್ನ ಸೀಮೆಗೆ ಕೊನೆಯ ಬಾರಿ ಹೋಗಿಬಂದ. ಇಟಲಿಗೆ ಮರಳಿ, ಫ್ಲಾರೆನ್ಸಿನ ಹೊರವಲಯದ ವಿಲ್ಲಾ ಮಿರೆಂಡಾದಲ್ಲಿ ಕೂತು ಈ ಕಾದಂಬರಿಗೆ ಕೈಹಾಕಿದ. ಆಗಲೇ ಕ್ಷಯ ಅವನ ಎದೆಯನ್ನು ತಿನ್ನುತ್ತಿತ್ತು. ಮೂರು ಸಲ ಮೊದಲಿನಿಂದ ಕೊನೆಯವರೆಗೆ ಹೊಸದಾಗಿ ಬರೆದ. ಟೈಪ್ ಮಾಡಿಕೊಡುತ್ತೇನೆಂದು ಒಪ್ಪಿಕೊಂಡಿದ್ದ ಪರಿಚಯದ ಹೆಂಗಸು ಕೆಲವು ಅಧ್ಯಾಯಗಳಾದ ಮೇಲೆ ಇನ್ನು ನನ್ನಿಂದಾಗದು ಎಂದು ಹಸ್ತಪ್ರತಿಯನ್ನು ವಾಪಸು ಕಳಿಸಿದಳು. ಕಡೆಗೆ ಫ್ಲಾರೆನ್ಸಿನ ಪುಸ್ತಕ ವ್ಯಾಪಾರಿ ಓರಿಯೋಲಿಯ ನೆರವಿನಿಂದ, ಇಂಗ್ಲಿಷ್ ಒಂದಕ್ಷರ ಬಾರದ ಇಟಲಿಯ ಮೊಳೆ ಜೋಡಿಸುವವರ ಕೈಯಲ್ಲಿ, 1928ರ ಜುಲೈನಲ್ಲಿ 1000 ಪ್ರತಿಗಳು ಅಚ್ಚಾದವು. 1930ರ ಮಾರ್ಚ್ 2ರಂದು ಲಾರೆನ್ಸ್ ತೀರಿಕೊಂಡ. ಆಗ ಅವನಿಗೆ ನಲವತ್ತನಾಲ್ಕು ವರ್ಷ. ದೇಹದ ಸುಖದ ಬಗ್ಗೆ ಅಷ್ಟು ಬರೆದವನ ದೇಹ ಸೋಲುತ್ತಿತ್ತು. ಇದನ್ನು ಅನುಕಂಪಕ್ಕಾಗಿ ಹೇಳುತ್ತಿಲ್ಲ. ಆ ಪುಟಗಳಲ್ಲಿ ಸ್ಪರ್ಶದ ಬಗ್ಗೆ ಇರುವ ತುರ್ತು ಎಲ್ಲಿಂದ ಬಂತು ಎಂಬುದು ಇದರಿಂದ ಸ್ವಲ್ಪ ತಿಳಿಯುತ್ತದೆ.

ಕಥೆ ಸರಳ. ಸರ್ ಕ್ಲಿಫರ್ಡ್ ಚಾಟರ್ಲಿ ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವನು, ಗಣಿಗಳ ಒಡೆಯ. ಅವನ ಹೆಂಡತಿ ಕಾನ್‌ಸ್ಟನ್ಸ್. ಎಲ್ಲರಿಗೂ ಅವಳು ಕಾನಿ. ಅವರ ಕಾಡನ್ನು ಕಾಯುವ ಆಳು ಆಲಿವರ್ ಮೆಲರ್ಸ್. ಅವನೂ ಗಣಿ ಸೀಮೆಯವನೇ, ಸೈನ್ಯದಲ್ಲಿ ಅಧಿಕಾರಿಯಾಗಿದ್ದು ಭಾರತವನ್ನೂ ಕಂಡು ಬಂದವನು. ಕಾನಿಗೂ ಮೆಲರ್ಸನಿಗೂ ಸಂಬಂಧ ಬೆಳೆಯುತ್ತದೆ.

ಈ ಪುಸ್ತಕದ ಅತ್ಯುತ್ತಮ ಶೃಂಗಾರ, ಸುದ್ದಿಯಾದ ಪುಟಗಳಲ್ಲಿ ಇಲ್ಲ ಎನ್ನುವುದು ನನ್ನ ಗಟ್ಟಿಯಾದ ನಂಬಿಕೆ. ಎರಡು ಜಾಗಗಳನ್ನು ತೋರಿಸುತ್ತೇನೆ.

ಒಂದು, ಹತ್ತನೆಯ ಅಧ್ಯಾಯದಲ್ಲಿದೆ. ವಸಂತ ಕಾಲ. ಮೆಲರ್ಸ್ ಕಾಡಿನಲ್ಲಿ ಗೂಡುಗಳನ್ನಿಟ್ಟು, ಫೆಸೆಂಟ್ ಹಕ್ಕಿಯ ಮೊಟ್ಟೆಗಳಿಗೆ ನಾಟಿ ಕೋಳಿಗಳನ್ನು ಕಾವಿಗೆ ಕೂರಿಸಿದ್ದಾನೆ. ಕಾನಿ ದಿನಾ ಹೋಗಿ ನೋಡುತ್ತಾಳೆ. ಮರಿಯೊಂದನ್ನು ಮುಟ್ಟಬೇಕೆಂದು ಕೈಹಾಕಿದರೆ ತಾಯಿಕೋಳಿ ಕುಕ್ಕುತ್ತದೆ. ಮೆಲರ್ಸ್ ಮೆಲ್ಲಗೆ ಕೈಯನ್ನು ಕೋಳಿಯ ಹೊಟ್ಟೆಯಡಿಗೆ ತೂರಿಸಿ, ಒಂದು ಮರಿಯನ್ನು ತೆಗೆದು ಅವಳ ಅಂಗೈಗೆ ಇಡುತ್ತಾನೆ. ಕಡ್ಡಿಯಂಥ ಕಾಲಿನ ಮೇಲೆ ಅದು ನಿಲ್ಲುತ್ತದೆ, ಸುತ್ತ ನೋಡುತ್ತದೆ. ನೋಡುತ್ತ ನೋಡುತ್ತ ಕಾನಿ ಅಳಲು ಶುರುಮಾಡುತ್ತಾಳೆ. ಯಾಕೆಂದು ಅವಳು ಹೇಳುವುದಿಲ್ಲ, ಲಾರೆನ್ಸನೂ ಹೆಚ್ಚು ವಿವರಿಸುವುದಿಲ್ಲ. ಮಕ್ಕಳಿಲ್ಲದ, ಮುಟ್ಟುವವರಿಲ್ಲದ ಒಬ್ಬ ಹೆಣ್ಣಿನ ಇಡೀ ಚಳಿಗಾಲ ಆ ಅಂಗೈ ಮೇಲೆ ಬಂದು ನಿಂತಿರುತ್ತದೆ. ಅವರಿಬ್ಬರ ನಡುವೆ ಎಲ್ಲವೂ ಶುರುವಾಗುವುದು ಅಲ್ಲಿಂದ. ಅದಾದ ಮೇಲೆ ಕಾಡಿನ ಗುಡಿಸಲಿನೊಳಗೆ ನಡೆಯುವುದಕ್ಕಿಂತ ಈ ಅರ್ಧ ಪುಟವೇ ನನ್ನನ್ನು ಹೆಚ್ಚು ಕಲಕಿದೆ.

ಇನ್ನೊಂದು, ಹದಿಮೂರನೆಯ ಅಧ್ಯಾಯ. ಕ್ಲಿಫರ್ಡ್ ತನ್ನ ಮೋಟಾರು ಕುರ್ಚಿಯಲ್ಲಿ ಕಾಡಿಗೆ ಬರುತ್ತಾನೆ. ಆಳುವವರು ಆಳಲೇಬೇಕು, ದುಡಿಯುವವರು ದುಡಿಯಲೇಬೇಕು ಎಂದು ಕಾನಿಯ ಹತ್ತಿರ ಆಗತಾನೇ ವಾದಿಸಿದ್ದಾನೆ. ಹೋಗುವಾಗ ಕುರ್ಚಿಯ ಗಾಲಿಗಳು ನೀಲಿ ಹೂಗಳನ್ನು ಅರೆದುಕೊಂಡು ಹೋಗುತ್ತವೆ. ಮರಳುವಾಗ ಏರಿನಲ್ಲಿ ಎಂಜಿನ್ ಕೈಕೊಡುತ್ತದೆ. ತಳ್ಳಲು ಬಿಡುವುದಿಲ್ಲ, ತಾನೇ ಹತ್ತಿಸುತ್ತೇನೆಂದು ಹಟ ಹಿಡಿಯುತ್ತಾನೆ. ಮೆಲರ್ಸನನ್ನು ಕರೆಸಿದರೆ ಅವನು ನೆಲದ ಮೇಲೆ ಹೊಟ್ಟೆಯಡಿಯಾಗಿ ಮಲಗಿ ಎಂಜಿನ್ನಿನೊಳಗೆ ಇಣುಕಬೇಕಾಗುತ್ತದೆ. ಕೊನೆಗೆ ತಳ್ಳಲೇಬೇಕಾದಾಗ, ಹಿಂದೊಮ್ಮೆ ನ್ಯುಮೋನಿಯಾ ಆಗಿ ಕುಗ್ಗಿದ ಮೆಲರ್ಸ್ ಏದುಸಿರು ಬಿಡುತ್ತಾನೆ. ಕಾನಿ ತಾನೂ ಕುರ್ಚಿಗೆ ಕೈಕೊಡುತ್ತಾಳೆ. ಕ್ಲಿಫರ್ಡನ ಮುಖ ಮುಂದಕ್ಕಿದೆ. ಅವನ ಬೆನ್ನ ಹಿಂದೆ ಅವಳು ಬಾಗಿ, ಮೆಲರ್ಸನ ಕೈಗೆ ಮುತ್ತಿಡುತ್ತಾಳೆ.

ಈ ದೃಶ್ಯದಲ್ಲಿ ಯಾರೂ ಬಟ್ಟೆ ಕಳಚಿಲ್ಲ. ಆದರೆ ಯಜಮಾನಿಕೆ, ಅಂಗವಿಕಲನ ಅವಮಾನ, ಕೂಲಿಯವನ ಬಳಲಿದ ಮೈ, ಹೆಣ್ಣಿನ ಆಯ್ಕೆ, ಎಲ್ಲವೂ ಒಂದು ಏರುದಾರಿಯಲ್ಲಿ ಎದುರುಬದುರಾಗಿವೆ. ಕಾಮವನ್ನು ಹಾಸಿಗೆಯಿಂದ ಹೊರಕ್ಕೆ ತಂದು, ಕೂಲಿ, ವರ್ಗ, ಯಂತ್ರ, ಯುದ್ಧ ಇವುಗಳ ನಡುವೆ ನಿಲ್ಲಿಸಿದ್ದು ಲಾರೆನ್ಸನ ದೊಡ್ಡ ಕೆಲಸ. ಅದಕ್ಕಾಗಿ ಈ ಕಾದಂಬರಿ ನನಗೆ ಬೇಕು. ಕ್ಲಿಫರ್ಡನ ಬಗ್ಗೆ ಮಾತ್ರ ನನಗೊಂದು ತಕರಾರು ಇದೆ. ಯುದ್ಧ ಮುರಿದ ಮೈಯನ್ನು ಅವನ ಒಣ ಮನಸ್ಸಿನ ಗುರುತಾಗಿ ಬಳಸಿಕೊಂಡದ್ದು ಕ್ರೌರ್ಯ. ಗಾಲಿಕುರ್ಚಿಯಲ್ಲಿ ಕೂತ ಓದುಗನೊಬ್ಬ ಈ ಪುಸ್ತಕವನ್ನು ಹೇಗೆ ಓದಿಯಾನು ಎಂದು ಲಾರೆನ್ಸ್ ಯೋಚಿಸಿದಂತೆ ಕಾಣುವುದಿಲ್ಲ.

ಇನ್ನು ಗುಡಿಸಲಿನೊಳಗಿನ ಪುಟಗಳ ವಿಷಯ. ಇಲ್ಲಿ ನನ್ನ ಪ್ರತಿಕ್ರಿಯೆ ಎರಡಾಗಿ ಸೀಳುತ್ತದೆ. ಹೆಣ್ಣಿನ ಸುಖ ಎಂಬುದು ಇದೆ, ಅದು ಗಂಡಿನ ಸುಖದ ನೆರಳಲ್ಲ, ಅದಕ್ಕೆ ತನ್ನದೇ ಅಲೆಗಳಿವೆ ಎಂದು 1928ರಲ್ಲಿ ಒಬ್ಬ ಗಂಡಸು ಇಷ್ಟು ಗೌರವದಿಂದ ಬರೆದದ್ದು ಸಣ್ಣ ಸಂಗತಿಯಲ್ಲ. ಕೆಲವು ಕಡೆ ಗದ್ಯಕ್ಕೆ ಮಂತ್ರದ ಲಯ ಬಂದುಬಿಡುತ್ತದೆ, ಅದೇ ಪದಗಳು ಮರಳಿ ಮರಳಿ ಬಂದು ಉಸಿರಿನ ಏರಿಳಿತವನ್ನು ಹಿಡಿಯುತ್ತವೆ. ಮಳೆಯಲ್ಲಿ ಓಡುವ ಕಾನಿಯನ್ನು ಓದಿದಾಗ ನನಗೆ ನಿಜವಾದ ಸಂತೋಷವಾಗಿದೆ. ಆದರೆ ಅದೇ ಲಯ ಇನ್ನು ಕೆಲವೆಡೆ ಪುರಾಣ ಪ್ರವಚನದಂತೆ ಎಳೆಯುತ್ತದೆ. ಪಾತ್ರಗಳು ಮನುಷ್ಯರಾಗಿ ಉಳಿಯದೆ ‘ಗಂಡು’ ಮತ್ತು ‘ಹೆಣ್ಣು’ ಎಂಬ ತತ್ತ್ವಗಳಾಗಿಬಿಡುತ್ತವೆ.

ನನ್ನ ನಿಜವಾದ ಜಗಳ ಹದಿನಾಲ್ಕನೆಯ ಅಧ್ಯಾಯದೊಂದಿಗೆ. ಮೆಲರ್ಸ್ ತನ್ನ ಹಳೆಯ ಸಂಬಂಧಗಳನ್ನೆಲ್ಲ ಕಾನಿಯ ಮುಂದೆ ಬಿಚ್ಚಿಡುತ್ತಾನೆ. ಒಬ್ಬಳು ಹೀಗಿದ್ದಳು, ಇನ್ನೊಬ್ಬಳು ಹಾಗಿದ್ದಳು, ಹೆಂಡತಿ ಬರ್ತಾ ಕೂಟ್ಸ್ ಅಂತೂ ಹಟಮಾರಿ, ತನ್ನ ಸುಖವನ್ನು ತಾನೇ ವಶಪಡಿಸಿಕೊಳ್ಳುವವಳು ಎಂದು ದೂರುತ್ತಾನೆ. ಹೆಂಗಸರನ್ನು ಜಾತಿ ಜಾತಿಯಾಗಿ ವಿಂಗಡಿಸಿ ಇಡುತ್ತಾನೆ. ಹೆಣ್ಣುಗಳನ್ನೇ ಪ್ರೀತಿಸುವ ಹೆಣ್ಣುಗಳ ಬಗ್ಗೆ ಕೊಲ್ಲುವಷ್ಟು ದ್ವೇಷದ ಮಾತಾಡುತ್ತಾನೆ. ಯಾವ ಹೆಣ್ಣು ತನ್ನ ಇಚ್ಛೆಯನ್ನು ತಾನು ಬಲ್ಲಳೋ ಅವಳೇ ಈ ಪಟ್ಟಿಯಲ್ಲಿ ತಪ್ಪಿತಸ್ಥೆ. ಕಾನಿ ಎದುರಿಗೆ ಕೂತು ಪ್ರಶ್ನೆ ಕೇಳುತ್ತಾಳೆ, ಅಷ್ಟೇ. ಸುಖ ಹೀಗೇ ಇರಬೇಕು, ಹೀಗಿಲ್ಲದಿದ್ದರೆ ಅದು ಸುಳ್ಳು ಎಂದು ಮೆಲರ್ಸ್ ಕಟ್ಟುಪಾಡು ಹಾಕಿದಾಗ ನಿರೂಪಕನೂ ಅವನ ಪಕ್ಕದಲ್ಲೇ ನಿಂತಿರುತ್ತಾನೆ. ಇಂಗ್ಲೆಂಡಿನ ಮಡಿವಂತಿಕೆಯಿಂದ ಕಾನಿಯನ್ನು ಬಿಡಿಸಿದ ಲೇಖಕ ಅವಳ ಕೈಗೆ ಹೊಸ ನಿಯಮಗಳ ಪಟ್ಟಿಯನ್ನು ಕೊಡುತ್ತಿದ್ದಾನಲ್ಲ ಎಂದು ನನಗೆ ಇಲ್ಲಿ ಸಿಟ್ಟು ಬರುತ್ತದೆ.

ಸ್ತ್ರೀವಾದಿ ವಿಮರ್ಶಕಿ ಕೇಟ್ ಮಿಲೆಟ್ 1970ರಲ್ಲಿ ‘ಸೆಕ್ಷುಯಲ್ ಪಾಲಿಟಿಕ್ಸ್’ ಪುಸ್ತಕದಲ್ಲಿ ಈ ಸಿಟ್ಟನ್ನು ವಿಮರ್ಶೆಯಾಗಿ ಕಟ್ಟಿದಳು. ನನಗೆ ಅವಳ ಋಣ ದೊಡ್ಡದು. ಆದರೂ ಅವಳು ಎಳೆದ ಗೆರೆಯೊಳಗೆ ಆ ಹಕ್ಕಿಮರಿ ಹಿಡಿಸುವುದಿಲ್ಲ.

ಈ ಇಬ್ಬಗೆಯ ಓದಿಗೆ ಈ ಪುಸ್ತಕದ ಚರಿತ್ರೆಯಲ್ಲಿ ಬಹುಕಾಲ ಜಾಗವೇ ಇರಲಿಲ್ಲ. ಕಾರಣ, ಅದರ ಬಗ್ಗೆ ತೀರ್ಪು ಕೊಟ್ಟದ್ದು ನ್ಯಾಯಾಲಯಗಳು. 1960ರಲ್ಲಿ ಪೆಂಗ್ವಿನ್ ಸಂಸ್ಥೆ ಪೂರ್ತಿ ಪಠ್ಯವನ್ನು ಮೂರೂವರೆ ಷಿಲಿಂಗಿಗೆ ಹೊರತರಲು ಹೊರಟಾಗ ಲಂಡನ್ನಿನ ಓಲ್ಡ್ ಬೇಯ್ಲಿ ನ್ಯಾಯಾಲಯದಲ್ಲಿ ಅಶ್ಲೀಲತೆಯ ಮೊಕದ್ದಮೆ ನಡೆಯಿತು. ಹಿಂದಿನ ವರ್ಷವಷ್ಟೇ ಬಂದಿದ್ದ ಹೊಸ ಕಾಯಿದೆಯ ಪ್ರಕಾರ ಕೃತಿಯನ್ನು ಇಡಿಯಾಗಿ ನೋಡಬೇಕಿತ್ತು, ಸಾಹಿತ್ಯದ ಮೌಲ್ಯದ ಬಗ್ಗೆ ತಜ್ಞರ ಸಾಕ್ಷ್ಯಕ್ಕೆ ಅವಕಾಶವಿತ್ತು. ಪ್ರಕಾಶಕರ ಪರ 35 ಮಂದಿ ಸಾಕ್ಷಿ ಹೇಳಿದರು. ಸರ್ಕಾರಿ ವಕೀಲ ಗ್ರಿಫಿತ್ ಜೋನ್ಸ್ ಜ್ಯೂರಿಯ ಮುಂದೆ, ಇದನ್ನು ನಿಮ್ಮ ಹೆಂಡತಿಯೋ ಆಳುಗಳೋ ಓದಲೆಂದು ನೀವು ಬಯಸುವಿರಾ ಎಂಬ ಅರ್ಥದ ಪ್ರಶ್ನೆ ಎಸೆದ. ಆ ಜ್ಯೂರಿಯಲ್ಲಿ ಮೂವರು ಹೆಂಗಸರೂ ಕೂತಿದ್ದರು. ಕಾದಂಬರಿಯ ಹೆಂಡತಿಯ ಮೇಲೂ ಆಳಿನ ಮೇಲೂ ಯಜಮಾನನಿಗಿದ್ದ ಹಕ್ಕೇ ಮತ್ತೆ ಕೋರ್ಟಿನಲ್ಲಿ ಬಾಯಿ ಬಿಟ್ಟಂತಿತ್ತು. ನವೆಂಬರ್ 2ರಂದು ಜ್ಯೂರಿ ಪುಸ್ತಕವನ್ನು ಬಿಟ್ಟುಕೊಟ್ಟಿತು. 10ರಂದು ಅಂಗಡಿಗೆ ಬಂದ 2,00,000 ಪ್ರತಿಗಳು ಅದೇ ದಿನ ಖರ್ಚಾದವು.

ಆ ಗೆಲುವಿನ ಬಗ್ಗೆ ನನಗೆ ಸಂತೋಷವಿದೆ. ಆದರೆ ಪುಸ್ತಕವನ್ನು ಉಳಿಸಬೇಕಾದವರು ಅದನ್ನು ಹೊಗಳಲೇಬೇಕಾಯಿತು. ಲೇಖಕಿ ರೆಬೆಕ್ಕಾ ವೆಸ್ಟ್ ಒಬ್ಬಳು ಸಾಕ್ಷಿಕಟ್ಟೆಯಲ್ಲಿ ನಿಂತೇ, ಇದರಲ್ಲಿ ಯಾರಾದರೂ ಗೇಲಿ ಮಾಡಬಹುದಾದ ವಾಕ್ಯಗಳಿವೆ, ಲಾರೆನ್ಸನಿಗೆ ಹಾಸ್ಯಪ್ರಜ್ಞೆ ಇರಲಿಲ್ಲ ಎಂದು ಒಪ್ಪಿಕೊಂಡು, ಆದರೂ ಇದು ಸಾಹಿತ್ಯವೇ ಎಂದಳು. ಆ ಧೈರ್ಯ ನನಗೆ ಬಹಳ ಇಷ್ಟ. ಲಾರೆನ್ಸನನ್ನು ದೊಡ್ಡ ಕಾದಂಬರಿಕಾರನೆಂದು ಸ್ಥಾಪಿಸಿದ ವಿಮರ್ಶಕ ಎಫ್.ಆರ್. ಲೀವಿಸ್ ಸಾಕ್ಷಿ ಹೇಳಲು ಬರಲೇ ಇಲ್ಲ. 1962ರಲ್ಲಿ ವಿದ್ವಾಂಸ ಜಾನ್ ಸ್ಪ್ಯಾರೋ ಒಂದು ಲೇಖನ ಬರೆದು, ಕಾದಂಬರಿಯ ಒಂದು ರಾತ್ರಿಯ ವರ್ಣನೆಯಲ್ಲಿ ನಿಜಕ್ಕೂ ಏನು ನಡೆಯುತ್ತದೆಂಬುದು ವಿಚಾರಣೆಯಲ್ಲಿ ಸರಿಯಾಗಿ ಬೆಳಕಿಗೆ ಬರಲೇ ಇಲ್ಲ ಎಂದು ವಾದಿಸಿದ. ಸ್ಪ್ಯಾರೋನ ಆಸಕ್ತಿ ಕಾನೂನಿನದು, ನನ್ನದು ಬೇರೆ. ಆ ರಾತ್ರಿ ಕಾನಿ ಬೇಕೆಂದು ಮುಂದೆ ಬರುವವಳಲ್ಲ, ಅಂಜುತ್ತಲೇ ತನ್ನನ್ನು ಒಪ್ಪಿಸಿಕೊಳ್ಳುವವಳು. ಆ ಅಂಜಿಕೆಯ ಮೂಲಕವೇ ಅವಳ ನಾಚಿಕೆ ಸುಟ್ಟುಹೋಯಿತು, ಅದು ಅವಳಿಗೆ ಬೇಕಾಗಿಯೇ ಇತ್ತು ಎಂದು ನಿರೂಪಕ ಅವಳ ಪರವಾಗಿ ಹೇಳಿಬಿಡುತ್ತಾನೆ. ಹೆಣ್ಣಿಗೆ ಏನು ಬೇಕಿತ್ತೆಂದು ಆಮೇಲೆ ಇನ್ನೊಬ್ಬರು ಹೇಳುವುದನ್ನು ನಾನು ಯಾವ ಪುಸ್ತಕದಲ್ಲೂ ಸುಲಭವಾಗಿ ಒಪ್ಪಲಾರೆ.

ನಮ್ಮ ದೇಶದ ಕಥೆ ಚಿಕ್ಕದು. ಮುಂಬಯಿಯ ಪುಸ್ತಕದಂಗಡಿಯೊಂದರಲ್ಲಿ 1959ರ ಡಿಸೆಂಬರಿನಲ್ಲಿ ಪೊಲೀಸರು ಕಳಿಸಿದ ಗಿರಾಕಿ ಈ ಪುಸ್ತಕ ಕೊಂಡ. ಅಂಗಡಿಯ ಪಾಲುದಾರರಿಗೆ ದಂಡ ಬಿತ್ತು, ತಲಾ 20 ರೂಪಾಯಿ. ಕಾದಂಬರಿಕಾರ ಮುಲ್ಕ್ ರಾಜ್ ಆನಂದ್ ಬಂದು ಪುಸ್ತಕದ ಪರ ಸಾಕ್ಷಿ ಹೇಳಿದರು. ಪಾಲುದಾರ ರಂಜಿತ್ ಉದೇಶಿ ಸುಪ್ರೀಂ ಕೋರ್ಟಿನವರೆಗೆ ಹೋದರು. 1964ರ ತೀರ್ಪಿನಲ್ಲಿ ನ್ಯಾಯಮೂರ್ತಿ ಹಿದಾಯತುಲ್ಲಾ ಲಾರೆನ್ಸನ ಬದುಕು, ಆಶಯಗಳನ್ನೆಲ್ಲ ತಾಳ್ಮೆಯಿಂದ ಚರ್ಚಿಸಿ, ಕೊನೆಗೆ ಅಶ್ಲೀಲತೆಯನ್ನು ಅಳೆಯುವ 1868ರ ಇಂಗ್ಲಿಷ್ ಹಿಕ್ಲಿನ್ ಸೂತ್ರವನ್ನು ಅನ್ವಯಿಸಿ ಶಿಕ್ಷೆಯನ್ನು ಎತ್ತಿಹಿಡಿದರು. ಆ ಸೂತ್ರವನ್ನು ನಮ್ಮ ಸುಪ್ರೀಂ ಕೋರ್ಟ್ ಕೈಬಿಟ್ಟದ್ದು 2014ರಲ್ಲಿ. ತೀರ್ಪನ್ನು ಓದಿದರೆ ಬರೆದವರು ಒಳ್ಳೆಯ ಓದುಗರು ಎಂದು ತಿಳಿಯುತ್ತದೆ. ಒಳ್ಳೆಯ ಓದುಗನೂ ನ್ಯಾಯಪೀಠದ ಮೇಲೆ ಕೂತಾಗ ಹೌದು, ಅಲ್ಲ ಎಂಬ ಎರಡರಲ್ಲಿ ಒಂದನ್ನೇ ಹೇಳಬೇಕು. ನಮಗೆ ಆ ಕಟ್ಟಿಲ್ಲ. ಆದರೂ ನಾವು ತರಗತಿಯಲ್ಲಿ, ಪತ್ರಿಕೆಯಲ್ಲಿ, ಮನೆಯಲ್ಲಿ ನ್ಯಾಯಾಧೀಶರಂತೆಯೇ ಮಾತಾಡುತ್ತೇವೆ. ಇದೇ ಲಾರೆನ್ಸ್ 1929ರಲ್ಲಿ ಅಶ್ಲೀಲತೆಯ ಬಗ್ಗೆ ಬರೆದ ಪ್ರಬಂಧದಲ್ಲಿ, ಕಾಮವನ್ನು ಅವಮಾನಿಸುವ ನಿಜವಾದ ಅಶ್ಲೀಲ ಸರಕನ್ನು ತಾನೇ ನಿಷೇಧಿಸಿಯೇನು ಎಂದಿದ್ದಾನೆ. ಅವನಿಗೂ ಒಂದು ಗೆರೆ ಇತ್ತು ಎಂಬುದನ್ನು ಅವನ ಪರದವರೂ ವಿರೋಧಿಗಳೂ ನೆನೆಯುವುದು ಕಡಿಮೆ.

ಈ ಕಾದಂಬರಿ ಓದುವಾಗಲೆಲ್ಲ ನನಗೆ ಜನ್ನ ನೆನಪಾಗುತ್ತಾನೆ. ಕನ್ನಡ ಓದಿದ ಯಾರಿಗಾದರೂ ಹಾಗಾಗುವುದು ಸಹಜ. ‘ಯಶೋಧರ ಚರಿತೆ’ 1209ರ ಕಾವ್ಯ. ಉಜ್ಜಯಿನಿಯ ಅರಸ ಯಶೋಧರನ ರಾಣಿ ಅಮೃತಮತಿ ಗಂಡನ ಮಗ್ಗುಲಲ್ಲಿದ್ದಾಗ, ಆನೆಲಾಯದ ಮಾವುತನ ಹಾಡು ಕೇಳಿ ಅವನಿಗೆ ಮನಸೋಲುತ್ತಾಳೆ. ಅಲ್ಲೂ ಅರಮನೆಯ ಹೆಣ್ಣು, ಇಲ್ಲೂ ಬಂಗಲೆಯ ಹೆಣ್ಣು. ಅಲ್ಲೂ ಪ್ರಾಣಿಗಳ ನಡುವೆ ದುಡಿಯುವ ಗಂಡು, ಇಲ್ಲೂ ಹಾಗೇ. ಆದರೆ ಜನ್ನನ ಮಾವುತ ಮೆಲರ್ಸನಂತೆ ಸೊಗಸುಗಾರನಲ್ಲ, ವಿಕಾರರೂಪಿ. ನೋಡಿಬರಲು ಹೋದ ಸಖಿ ಅವನ ಕುರೂಪವನ್ನು ಅಂಗ ಅಂಗವಾಗಿ ಬಣ್ಣಿಸಿ ಹಂಗಿಸುತ್ತಾಳೆ.

ಆಗ ಅಮೃತಮತಿ ಸುಮ್ಮನಿರುವುದಿಲ್ಲ. ಒಲವು ಹುಟ್ಟಿದ ಮೇಲೆ ರೂಪದ ಗೊಡವೆ ಯಾಕೆ, ನನಗೆ ಅವನೇ ಕುಲದೈವ ಎಂಬರ್ಥದ ಮಾತನ್ನು ತನ್ನ ಬಾಯಿಂದಲೇ ಹೇಳುತ್ತಾಳೆ. ಕನ್ನಡ ಕಾವ್ಯದಲ್ಲಿ ಹೆಣ್ಣೊಬ್ಬಳು ತನ್ನ ಬಯಕೆಯನ್ನು ಇಷ್ಟು ನೇರವಾಗಿ ಸಮರ್ಥಿಸಿಕೊಂಡ ಜಾಗಗಳು ಎಷ್ಟಿವೆ? ಇನ್ನೊಂದು ರಾತ್ರಿ ತಡವಾಗಿ ಬಂದಳೆಂದು ಮಾವುತ ಅವಳನ್ನು ಹೊಡೆದು ಒದೆಯುತ್ತಾನೆ. ಅವಳು ನೆಲಕ್ಕೆ ಬಿದ್ದು, ನೀನಿಲ್ಲದಿದ್ದರೆ ನಾನು ಸಾಯುತ್ತೇನೆ, ಉಳಿದ ಗಂಡಸರೆಲ್ಲ ನನಗೆ ಒಡಹುಟ್ಟಿದವರು ಎನ್ನುತ್ತಾಳೆ. ಬೆನ್ನ ಹಿಂದೆಯೇ ಬಂದ ಗಂಡ ಕತ್ತಿ ಹಿಡಿದು ಮರೆಯಲ್ಲಿ ನಿಂತು ಅದನ್ನು ಕೇಳುತ್ತಿದ್ದಾನೆ. ಈ ದೃಶ್ಯವನ್ನು ಸುಂದರ ಎನ್ನಲು ನನಗೆ ಬಾಯಿ ಬರುವುದಿಲ್ಲ. ಹೊಡೆತ ತಿಂದ ಹೆಣ್ಣಿನ ಒಲವನ್ನು ಕೊಂಡಾಡುವುದು ನನ್ನಿಂದಾಗದು. ಆದರೆ ಜನ್ನ ಅದನ್ನು ಮುಚ್ಚಿಡಲೂ ಇಲ್ಲ, ಸಿಹಿ ಮಾಡಲೂ ಇಲ್ಲ.

ಜನ್ನ ಜೈನ ಕವಿ. ಅವನ ಕಾವ್ಯದ ಗುರಿ ಬೇರೆ. ಬಲಿಗೆಂದು ಹಿಟ್ಟಿನ ಕೋಳಿಯನ್ನು ಕೊಂದರೂ ಕೊಲ್ಲುವ ಸಂಕಲ್ಪವೇ ಹಿಂಸೆ, ಅದಕ್ಕೆ ಭವಭವಗಳಲ್ಲಿ ತೆರಬೇಕು ಎಂದು ತೋರಿಸಲು ಅವನು ಹೊರಟದ್ದು. ಆ ಲೆಕ್ಕದಲ್ಲಿ ಗಂಡನಿಗೂ ಅತ್ತೆಗೂ ವಿಷವಿಟ್ಟ ಅಮೃತಮತಿಗೆ ನರಕವೇ ಗತಿ. ಜನ್ನ ಅವಳನ್ನು ಶಿಕ್ಷಿಸುತ್ತಾನೆ, ಸಂಶಯವಿಲ್ಲ. ಆದರೆ ಶಿಕ್ಷಿಸುವ ಮೊದಲು ಅವಳ ಮಾತನ್ನು ಪೂರ್ತಿ ಕೇಳಿಸಿಕೊಳ್ಳುತ್ತಾನೆ. ಲಾರೆನ್ಸ್ ಕಾನಿಯನ್ನು ಶಿಕ್ಷಿಸುವುದಿಲ್ಲ, ಅವಳಿಗೆ ಬಿಡುಗಡೆ ಕೊಡುತ್ತಾನೆ. ಆದರೆ ಅವಳು ಬಾಯಿ ತೆರೆಯುವ ಹೊತ್ತಿಗೆ ಮೆಲರ್ಸ್ ಮಾತಾಡುತ್ತಿರುತ್ತಾನೆ, ಇಲ್ಲವೇ ನಿರೂಪಕ ಮಾತಾಡುತ್ತಿರುತ್ತಾನೆ. ಇಬ್ಬರಲ್ಲಿ ಯಾರನ್ನೂ ನಾನು ಬಿಡಲಾರೆ. ಯಾರನ್ನೂ ಪೂರ್ತಿ ಒಪ್ಪಲಾರೆ. ಗಿರೀಶ ಕಾರ್ನಾಡರು ಜನ್ನನ ಕಥೆಯನ್ನು ‘ಹಿಟ್ಟಿನ ಹುಂಜ’ ನಾಟಕವಾಗಿ ಬರೆದಾಗ ರಾಜ, ರಾಣಿ, ರಾಜಮಾತೆ, ಮಾವುತ ಈ ನಾಲ್ವರೂ ಎದುರೆದುರು ನಿಂತು ಮಾತಾಡುವಂತೆ ಮಾಡಿದರು. ಪದ್ಯದಲ್ಲಿ ಸಖಿಯ ಮುಂದೆ ಆಡಿದ್ದನ್ನು ರಾಣಿ ಇಲ್ಲಿ ಗಂಡನ ಮುಂದೆಯೇ ಆಡಬೇಕು. ನಾಟಕ ಎಂಬ ಪ್ರಕಾರಕ್ಕೆ ಇರುವ ಸೌಕರ್ಯ ಅದು: ಯಾರ ಪರವಾಗಿಯೂ ನಿರೂಪಕ ಮಾತಾಡುವಂತಿಲ್ಲ.

ಲಾರೆನ್ಸನ ಕಾದಂಬರಿ ಮುಗಿಯುವುದು ಮೆಲರ್ಸ್ ಬರೆದ ಉದ್ದನೆಯ ಕಾಗದದಿಂದ. ಅವನೊಂದು ಹೊಲಮನೆಯಲ್ಲಿ ಕೆಲಸಕ್ಕೆ ಸೇರಿದ್ದಾನೆ. ಕಾಗದದಲ್ಲಿ ಗಣಿಯವರ ಸ್ಥಿತಿ ಇದೆ, ದುಡ್ಡಿನ ಹಿಂದೆ ಓಡುವ ಜನರ ಬಗ್ಗೆ ಚಿಂತೆ ಇದೆ, ಇಬ್ಬರ ನಡುವಿನ ಪುಟ್ಟ ಜ್ವಾಲೆಯ ಬಗ್ಗೆ ನಿಜಕ್ಕೂ ಚೆಂದದ ಮಾತುಗಳಿವೆ. ಕಾನಿ ಸ್ಕಾಟ್ಲೆಂಡಿನಲ್ಲಿ ಅಕ್ಕ ಹಿಲ್ಡಾಳ ಜೊತೆ ಇದ್ದಾಳೆ, ಬಸುರಿ. ಕ್ಲಿಫರ್ಡ್ ವಿಚ್ಛೇದನ ಕೊಡಲು ಒಪ್ಪಿಲ್ಲ. ತಾಯಿಯ ಕಡೆಯಿಂದ ಬರುವ ಆದಾಯ ಅವಳಿಗಿದೆ, ಮುಂದಿನ ಸಂಸಾರ ನಡೆಯಬೇಕಾದದ್ದು ಹೆಚ್ಚಾಗಿ ಅದರಿಂದಲೇ. ಹುಟ್ಟುವ ಮಗು ಕಾನೂನಿನ ಕಣ್ಣಿಗೆ ಯಾರದು, ಆಳಿನ ಹೆಂಡತಿಯಾಗಿ ಬಾಳುವುದು ಹೇಗೆ, ರೋಗಿ ಗಂಡನನ್ನು ಬಿಟ್ಟುಬಂದ ನೋವೇನು, ಗಂಡಸರ ಇಷ್ಟೆಲ್ಲ ಪ್ರವಚನದ ಬಗ್ಗೆ ಅವಳಿಗೆ ಏನನ್ನಿಸಿತು, ಇವುಗಳ ಬಗ್ಗೆ ಹೇಳಬೇಕಾದವಳು ಕಾನಿಯೇ. ಅವಳ ಉತ್ತರದ ಒಂದು ಸಾಲನ್ನೂ ಲಾರೆನ್ಸ್ ಬರೆಯಲಿಲ್ಲ. ಆ ಉತ್ತರವಿದ್ದಿದ್ದರೆ ‘ಅದು ಒಳ್ಳೆಯ ಪುಸ್ತಕವಾ?’ ಎಂದು ಕೇಳಿದ ನನ್ನ ವಿದ್ಯಾರ್ಥಿಗಳಿಗೆ ನಾನು ತಡಮಾಡದೆ ಹೌದು ಎನ್ನುತ್ತಿದ್ದೆ.